ಮೂರು ಉಂಗುರದ ಮದ್ದು, ಮೂರು ಉಂಗುರದ ವಿಷ

2016ರ ಮಳೆಗಾಲ ಮುಗಿಯುವ ಹೊತ್ತಿಗೆ ಒಡಿಶಾದ ಮಲ್ಕಾನ್‌ಗಿರಿ ಜಿಲ್ಲೆಯಲ್ಲಿ ಮಕ್ಕಳು ಸಾಯತೊಡಗಿದರು. ನಿನ್ನೆ ಮೊನ್ನೆಯವರೆಗೂ ಆಡಿಕೊಂಡಿದ್ದ ಮಗುವಿಗೆ ಇದ್ದಕ್ಕಿದ್ದಂತೆ ವಾಂತಿ, ಹಿಂದೆಯೇ ಸೆಳವು, ಆಮೇಲೆ ಪ್ರಜ್ಞೆ ಇಲ್ಲ. ಒಂದೆರಡು ದಿನದಲ್ಲಿ ಎಲ್ಲ ಮುಗಿದುಹೋಗುತ್ತಿತ್ತು. ಸತ್ತವರಲ್ಲಿ ಹೆಚ್ಚಿನವರು ಆದಿವಾಸಿ ಕುಟುಂಬಗಳ ಎಳೆಯ ಮಕ್ಕಳು. ನವೆಂಬರ್ ವೇಳೆಗೆ ಸಾವಿನ ಲೆಕ್ಕ ನೂರರ ಗಡಿ ಮುಟ್ಟಿತ್ತು.

ಮೊದಲು ಆರೋಪ ಹೊತ್ತದ್ದು ಜಪಾನಿ ಮಿದುಳುಜ್ವರದ ವೈರಸ್ಸು, ಜೊತೆಗೆ ಅದಕ್ಕೆ ಆಶ್ರಯ ಕೊಡುವ ಹಂದಿಗಳು. ಕೆಲವು ಮಕ್ಕಳಲ್ಲಿ ಆ ವೈರಸ್ಸಿನ ಸುಳಿವು ಸಿಕ್ಕಿದ್ದೂ ಹೌದು. ಆದರೆ ಎಷ್ಟೋ ಮಕ್ಕಳ ರೋಗಲಕ್ಷಣ ಅದಕ್ಕೆ ತಾಳೆಯಾಗುತ್ತಿರಲಿಲ್ಲ. ವೆಲ್ಲೂರಿನ ಹಿರಿಯ ವೈರಾಣು ತಜ್ಞ ಡಾ. ಟಿ. ಜೇಕಬ್ ಜಾನ್ ನೇತೃತ್ವದ ತಂಡ ಬಂದು ನೋಡಿತು. ತಂಡ ಬೆರಳು ತೋರಿಸಿದ್ದು ಊರ ಸುತ್ತ ಬೆಳೆದಿದ್ದ ಒಂದು ಕಳೆಗಿಡದತ್ತ. ಅಲ್ಲಿನವರ ಬಾಯಲ್ಲಿ ಅದು ಬಣ ಚಾಕುಂಡಾ, ಸಸ್ಯಶಾಸ್ತ್ರದಲ್ಲಿ ಸೆನ್ನಾ ಆಕ್ಸಿಡೆಂಟಾಲಿಸ್, ಆಯುರ್ವೇದದಲ್ಲಿ ಕಾಸಮರ್ದ. ಕನ್ನಡದಲ್ಲಿ ದೊಡ್ಡ ತಗಚೆ. ಮಳೆ ಬಿದ್ದ ಮೇಲೆ ರಸ್ತೆ ಬದಿಯಲ್ಲಿ, ಪಾಳು ಬಿದ್ದ ನಿವೇಶನಗಳಲ್ಲಿ ಹಳದಿ ಹೂ ಬಿಟ್ಟು, ಉದ್ದನೆಯ ಕಾಯಿ ಹೊತ್ತು ನಿಲ್ಲುವ ಗಿಡ.

ಜಾನ್ ಅವರಿಗೆ ಈ ಗಿಡ ಹೊಸದಾಗಿರಲಿಲ್ಲ. ಪಶ್ಚಿಮ ಉತ್ತರ ಪ್ರದೇಶದ ಸಹಾರನ್‌ಪುರ, ಬಿಜ್ನೋರ್ ಕಡೆ ವರ್ಷವರ್ಷವೂ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ‘ನಿಗೂಢ ಜ್ವರ’ದ ಜಾಡು ಹಿಡಿದು ಹೊರಟಿದ್ದ ಬಿಜ್ನೋರಿನ ಮಕ್ಕಳ ವೈದ್ಯ ಡಾ. ವಿಪಿನ್ ವಶಿಷ್ಠ ಅವರ ಜೊತೆ ಅವರೂ ಕೆಲಸ ಮಾಡಿದ್ದರು. ಅದು ಸೋಂಕೇ ಅಲ್ಲ, ಈ ಗಿಡದ ಬೀಜ ತಿಂದದ್ದರಿಂದ ಯಕೃತ್ತು, ಸ್ನಾಯು, ಮಿದುಳು ಮೂರಕ್ಕೂ ಒಟ್ಟಿಗೆ ಏಟು ಬೀಳುತ್ತಿದೆ ಎಂದು 2007ರಲ್ಲಿ ಈ ತಂಡ ಬರೆಯಿತು. ಬೀಜದಲ್ಲಿರುವ ವಿಷ ಯಾವುದೆಂದು ಆಮೇಲೆ ಹುಡುಕಿದ್ದು ಲಕ್ನೋದ ಭಾರತೀಯ ವಿಷವಿಜ್ಞಾನ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಅಸ್ವಸ್ಥ ಮಕ್ಕಳ ದೇಹದ್ರವಗಳಲ್ಲಿ ಅವರಿಗೆ ಕಂಡದ್ದು ಎಮೊಡಿನ್, ರೀನ್, ಅಲೋ-ಎಮೊಡಿನ್‌ನಂಥ ಅಣುಗಳು. ಎಲ್ಲವೂ ಆಂಥ್ರಾಕ್ವಿನೋನ್ ಎಂಬ ಒಂದೇ ಮನೆತನದವು.

ಇದೇ ಮನೆತನದ ಇನ್ನೊಬ್ಬ ಸದಸ್ಯ ಮಲಬದ್ಧತೆಯ ಮಾತ್ರೆಯಾಗಿ ನಿಮ್ಮ ಬೀದಿಯ ಮೆಡಿಕಲ್ ಸ್ಟೋರಿನಲ್ಲಿದೆ. ಮಗದೊಂದು ಮಂಡಿನೋವಿನ ಕ್ಯಾಪ್ಸೂಲಿನಲ್ಲಿದೆ. ಈ ಚೌಕಟ್ಟನ್ನೇ ಒಡಲಲ್ಲಿಟ್ಟುಕೊಂಡ ಇನ್ನೊಂದು ಅಣು ಕ್ಯಾನ್ಸರ್ ವಾರ್ಡಿನಲ್ಲಿ ದಿನವೂ ಜೀವ ಉಳಿಸುತ್ತಿದೆ. ಹಾಗಾದರೆ ಈ ಅಣು ಒಳ್ಳೆಯದೋ ಕೆಟ್ಟದ್ದೋ? ಇನ್ನೂರು ವರ್ಷಗಳ ಸಂಶೋಧನೆ ಕಲಿಸಿದ್ದೇನೆಂದರೆ, ಈ ಪ್ರಶ್ನೆಗೆ ಅರ್ಥವೇ ಇಲ್ಲ. ಎಷ್ಟು, ಎಲ್ಲಿ, ಎಷ್ಟು ದಿನ ಎಂಬ ಮೂರು ಪ್ರಶ್ನೆಗಳಿಗಷ್ಟೇ ಅರ್ಥ.

ಚಪ್ಪಟೆ ಚೌಕಟ್ಟು

ಆಂಥ್ರಾಕ್ವಿನೋನ್ ಎಂದರೆ ಸಾಲಾಗಿ ಅಂಟಿಕೊಂಡ ಮೂರು ಇಂಗಾಲದ ಉಂಗುರಗಳು. ನಡುವಿನ ಉಂಗುರದ ಎರಡು ಬದಿಗೆ ಒಂದೊಂದು ಆಮ್ಲಜನಕ. ಈ ಸರಳ ರಚನೆಗೆ ಎರಡು ಗುಣಗಳಿವೆ. ಒಂದು, ಅದು ಪೂರ್ತಿ ಚಪ್ಪಟೆ. ಎರಡು, ನಡುವಿನ ಆಮ್ಲಜನಕದ ಜೋಡಿ ಎಲೆಕ್ಟ್ರಾನುಗಳನ್ನು ಸಲೀಸಾಗಿ ಈಸಿಕೊಳ್ಳುತ್ತದೆ, ಅಷ್ಟೇ ಸಲೀಸಾಗಿ ಬಿಟ್ಟುಕೊಡುತ್ತದೆ. ಮುಂದೆ ಬರುವ ಮದ್ದು, ವಿಷ ಎಲ್ಲವೂ ಬಹುಮಟ್ಟಿಗೆ ಈ ಎರಡು ಗುಣಗಳ ಫಲ.

ಉಂಗುರದ ಅಂಚಿನಲ್ಲಿ ಎಲ್ಲಿ ಯಾವ ಗುಂಪು ಕೂತಿದೆ ಎಂಬುದರ ಮೇಲೆ ಬಣ್ಣ ನಿರ್ಧಾರವಾಗುತ್ತದೆ: ಹಳದಿ, ಕಿತ್ತಳೆ, ಕೆಂಪು, ಕೆಲವೊಮ್ಮೆ ನೀಲಿ. ಮಂಜಿಷ್ಠದ ಬೇರು, ರೇವಲ್‌ಚಿನ್ನಿ, ಸೋನಾಮುಖಿ ಎಲೆ, ಲೋಳೆಸರದ ಸಿಪ್ಪೆಯಡಿಯ ಹಳದಿ ರಸ, ಕಕ್ಕೆ ಕಾಯಿಯ ತಿರುಳು, ನೋನಿ ಬೇರು ಎಲ್ಲದರಲ್ಲೂ ಇವು ಇವೆ. ಗಿಡಗಳಷ್ಟೇ ಅಲ್ಲ, ಶಿಲೀಂಧ್ರಗಳೂ ಕಲ್ಲುಹೂಗಳೂ ಇವನ್ನು ತಯಾರಿಸುತ್ತವೆ. ಅರಗಿನ ಹುಳುವಿನ ಕೆಂಪು, ಮೆಕ್ಸಿಕೊದ ಕೊಚಿನೀಲ್ ಹುಳುವಿನ ಕಡುಗೆಂಪು ಕೂಡ ಆಂಥ್ರಾಕ್ವಿನೋನ್‌ಗಳೇ.

ಗಿಡದಲ್ಲಿ ಇದು ಇದೆಯೋ ಇಲ್ಲವೋ ಎಂದು ನೋಡುವ ಪರೀಕ್ಷೆಯನ್ನು ಹ್ಯೂಗೊ ಬಾರ್ನ್‌ಟ್ರೇಗರ್ 1880ರಲ್ಲಿ ವಿವರಿಸಿದ. ನಮ್ಮ ಫಾರ್ಮಸಿ ಕಾಲೇಜುಗಳ ಪ್ರಾಕ್ಟಿಕಲ್ ತರಗತಿಯಲ್ಲಿ ಇಂದಿಗೂ ಅದೇ ನಡೆಯುತ್ತದೆ. ಸೋನಾಮುಖಿ ಎಲೆಯ ಪುಡಿಯನ್ನು ಸಾರ ಕಡಿಮೆ ಮಾಡಿದ ಗಂಧಕಾಮ್ಲದಲ್ಲಿ ಕುದಿಸಿ ಸೋಸುತ್ತಾರೆ. ಆರಿದ ಮೇಲೆ ಬೆಂಜೀನ್ ಅಥವಾ ಕ್ಲೋರೋಫಾರ್ಮ್ ಸೇರಿಸಿ ಕುಲುಕುತ್ತಾರೆ. ಆ ದ್ರಾವಕದ ಪದರವನ್ನು ಬೇರೆ ಟೆಸ್ಟ್ ಟ್ಯೂಬಿಗೆ ಇಳಿಸಿ, ಮೇಲಿಂದ ಅಮೋನಿಯ ಬಿಟ್ಟು ಮತ್ತೆ ಕುಲುಕಿದರೆ, ನಿಂತ ಅಮೋನಿಯದ ಪದರ ಗುಲಾಬಿಗೆ ತಿರುಗಿ ಕೆಂಪೇರುತ್ತದೆ. ಕುದಿಸುವ ಕೆಲಸ ಯಾಕೆಂದರೆ ಗಿಡದೊಳಗೆ ಈ ಅಣು ಸಾಮಾನ್ಯವಾಗಿ ಸಕ್ಕರೆಗೆ ಕಟ್ಟಿಕೊಂಡಿರುತ್ತದೆ. ಆಮ್ಲ ಆ ಕಟ್ಟನ್ನು ಬಿಚ್ಚಬೇಕು. ಈ ಸಕ್ಕರೆಯ ಕಟ್ಟು ನೆನಪಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ.

ಹಂದಿಯ ಕೆಂಪು ಮೂಳೆ

ಆಂಥ್ರಾಕ್ವಿನೋನ್ ಜೀವಶಾಸ್ತ್ರಕ್ಕೆ ಕಾಲಿಟ್ಟದ್ದು ಒಂದು ಊಟದ ಮೇಜಿನಿಂದ. 1736ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಜಾನ್ ಬೆಲ್ಚಿಯರ್, ಬಟ್ಟೆಗೆ ಬಣ್ಣದ ಅಚ್ಚು ಹಾಕುವ ಉದ್ಯಮಿಯೊಬ್ಬನ ಮನೆಗೆ ಊಟಕ್ಕೆ ಹೋಗಿದ್ದ. ಬಡಿಸಿದ ಹಂದಿಮಾಂಸದೊಳಗಿನ ಮೂಳೆ ಕೆಂಪಾಗಿತ್ತು. ವಿಚಾರಿಸಿದಾಗ, ಮಂಜಿಷ್ಠದ ಬಂಧುವಾದ ಮ್ಯಾಡರ್ ಗಿಡದ ಬೇರಿನ ಬಣ್ಣದಲ್ಲಿ ನೆನೆದಿದ್ದ ತೌಡನ್ನು ಆ ಹಂದಿಗಳಿಗೆ ಹಾಕಿದ್ದು ತಿಳಿಯಿತು. ಬೆಲ್ಚಿಯರ್ ಅದನ್ನು ಅಲ್ಲಿಗೇ ಬಿಡದೆ ಕೋಳಿಗೆ ತಿನ್ನಿಸಿ ನೋಡಿದ. ಅದರ ಮೂಳೆಯೂ ಕೆಂಪಾಯಿತು.

ಮೂಳೆಯೆಂದರೆ ಬೆಳೆದು ನಿಂತ ಜಡ ವಸ್ತುವೆಂದು ಎಲ್ಲರೂ ಭಾವಿಸಿದ್ದ ಕಾಲ ಅದು. ಮ್ಯಾಡರ್ ತಿನ್ನಿಸಿದಾಗ ಹೊಸದಾಗಿ ಕಟ್ಟಿಕೊಂಡ ಮೂಳೆ ಕೆಂಪು, ನಿಲ್ಲಿಸಿದಾಗ ಕಟ್ಟಿಕೊಂಡದ್ದು ಬಿಳಿ. ಹೀಗೆ ಮೂಳೆಯ ಬೆಳವಣಿಗೆಯನ್ನು ಕಣ್ಣಾರೆ ಕಾಣುವ ದಾರಿ ತೆರೆಯಿತು. ಫ್ರಾನ್ಸಿನ ದ್ಯುಹಾಮೆಲ್, ಇಂಗ್ಲೆಂಡಿನ ಜಾನ್ ಹಂಟರ್ ಇದನ್ನೇ ಹಿಡಿದು ಮುಂದುವರಿದರು. ಕಾರಣ ಆಮೇಲೆ ಗೊತ್ತಾಯಿತು: ಮ್ಯಾಡರ್‌ನ ಮುಖ್ಯ ಬಣ್ಣವಾದ ಅಲಿಝರಿನ್ ಕ್ಯಾಲ್ಸಿಯಂ ಕಂಡರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಹೊಸ ಔಷಧಗಳು ಗರ್ಭದ ಮೇಲೆ ಏನು ಪರಿಣಾಮ ಬೀರುತ್ತವೆಂದು ತಿಳಿಯಲು ಪ್ರಯೋಗಾಲಯಗಳಲ್ಲಿ ಇಲಿಮರಿಗಳ ಅಸ್ಥಿಪಂಜರಕ್ಕೆ ಇಂದಿಗೂ ಹಚ್ಚುವ ಬಣ್ಣ ಅಲಿಝರಿನ್ ರೆಡ್.

1826ರಲ್ಲಿ ಫ್ರಾನ್ಸಿನ ರೋಬಿಕೆ ಮತ್ತು ಕೊಲಿನ್ ಅಲಿಝರಿನ್ನನ್ನು ಬೇರಿನಿಂದ ಬೇರ್ಪಡಿಸಿದರು. 1868ರಲ್ಲಿ ಬರ್ಲಿನ್ನಿನ ಗ್ರೇಬೆ ಮತ್ತು ಲೀಬರ್‌ಮನ್, ಕಲ್ಲಿದ್ದಲ ಟಾರಿನಿಂದ ಸಿಗುವ ಆಂಥ್ರಸೀನ್ ಬಳಸಿ ಅದನ್ನು ಪ್ರಯೋಗಾಲಯದಲ್ಲೇ ಕಟ್ಟಿದರು. ಗಿಡದ ಬಣ್ಣವೊಂದು ಹಾಗೆ ತಯಾರಾದದ್ದು ಅದೇ ಮೊದಲು. ಮರುವರ್ಷದ ಜೂನ್‌ನಲ್ಲಿ ಜರ್ಮನಿಯ ಬಿಎಎಸ್‌ಎಫ್ ತಂಡ ಮತ್ತು ಇಂಗ್ಲೆಂಡಿನ ವಿಲಿಯಂ ಪರ್ಕಿನ್ ಒಂದೇ ದಿನದ ಅಂತರದಲ್ಲಿ ಲಂಡನ್ನಿನಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು. ಕೆಲವೇ ವರ್ಷಗಳಲ್ಲಿ ಯುರೋಪಿನ ಮ್ಯಾಡರ್ ಬೇಸಾಯ ನೆಲಕಚ್ಚಿತು. ಬಣ್ಣಕ್ಕೆಂದು ಬೆಳೆದ ಈ ರಸಾಯನವಿದ್ಯೆಯೇ ಮುಂದಿನ ಶತಮಾನದ ಔಷಧ ಕಾರ್ಖಾನೆಗಳಿಗೆ ಬುನಾದಿಯಾಯಿತು.

ರಾತ್ರಿ ನುಂಗಿ, ಬೆಳಿಗ್ಗೆ ಕಾಯಿ

ಮದ್ದಾಗಿ ಆಂಥ್ರಾಕ್ವಿನೋನ್‌ಗಳ ಅತಿ ಹಳೆಯ ಕೆಲಸ ಹೊಟ್ಟೆ ತೊಳೆಯುವುದು. ಸೋನಾಮುಖಿಯನ್ನು ಅರಬ್ ವೈದ್ಯರು ಜಗತ್ತಿಗೆ ಪರಿಚಯಿಸಿದರು. ಕನ್ನಡದಲ್ಲಿ ಅದಕ್ಕೆ ನೆಲಾವರಿಕೆ ಎಂಬ ಹೆಸರೂ ಇದೆ. ಇಂದು ತಮಿಳುನಾಡಿನ ತಿರುನೆಲ್ವೇಲಿ, ತೂತುಕುಡಿ ಕಡೆಯ ಒಣ ಹೊಲಗಳಲ್ಲಿ ಬೆಳೆದ ಎಲೆ ‘ಟಿನ್ನೆವೆಲ್ಲಿ ಸೆನ್ನಾ’ ಎಂಬ ಹೆಸರಲ್ಲಿ ಹೊರದೇಶಗಳಿಗೆ ಹೋಗುತ್ತದೆ. ರೇವಲ್‌ಚಿನ್ನಿಯ ಪ್ರತಾಪವಂತೂ ರಾಜಕೀಯಕ್ಕೂ ಮುಟ್ಟಿತ್ತು. ಚಹಾ ಮತ್ತು ರೇವಲ್‌ಚಿನ್ನಿ ಇಲ್ಲದೆ ನಿಮ್ಮವರು ಬದುಕುವುದೇ ಕಷ್ಟ ಎಂಬ ಧಾಟಿಯಲ್ಲಿ ಚೀನಾದ ಅಧಿಕಾರಿ ಲಿನ್ ಝೆಶು, ಅಫೀಮು ವ್ಯಾಪಾರ ನಿಲ್ಲಿಸುವಂತೆ ಒತ್ತಾಯಿಸಿ 1839ರಲ್ಲಿ ವಿಕ್ಟೋರಿಯಾ ರಾಣಿಗೆ ಪತ್ರ ಬರೆದಿದ್ದ.

ಈ ಮದ್ದು ಕೆಲಸ ಮಾಡುವ ಬಗೆ ತಿಳಿಯಲು ಇಪ್ಪತ್ತನೇ ಶತಮಾನ ಬರಬೇಕಾಯಿತು. ಸ್ವಿಟ್ಜರ್ಲೆಂಡಿನ ಆರ್ಥರ್ ಸ್ಟಾಲ್ ತಂಡ 1941ರಲ್ಲಿ ಎಲೆಯಿಂದ ಸೆನ್ನೊಸೈಡ್ ಎಂಬ ಸಾರವನ್ನು ಬೇರ್ಪಡಿಸಿತು. ಸೆನ್ನೊಸೈಡ್‌ಗೆ ಸಕ್ಕರೆ ಕಟ್ಟಿಕೊಂಡಿರುತ್ತದೆ. ಹಾಗಾಗಿ ಅದು ಜಠರದಲ್ಲೂ ಸಣ್ಣಕರುಳಿನಲ್ಲೂ ಹೀರಿಕೆಯಾಗದೆ, ಏನೂ ಮಾಡದೆ ಸುಮ್ಮನೆ ಸಾಗುತ್ತದೆ. ದೊಡ್ಡ ಕರುಳು ತಲುಪಿದ ಮೇಲೆ ಅಲ್ಲಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಕಿತ್ತು, ಉಳಿದದ್ದನ್ನು ರೀನ್ ಆಂಥ್ರೋನ್ ಎಂಬ ಚುರುಕು ಅಣುವಾಗಿ ಮಾರ್ಪಡಿಸುತ್ತವೆ. ಅದು ಕರುಳಿನ ಗೋಡೆಯನ್ನು ಕೆಣಕಿ ಚಲನೆ ಹೆಚ್ಚಿಸುತ್ತದೆ, ನೀರು ಹೀರಿಕೊಳ್ಳುವುದನ್ನು ತಗ್ಗಿಸುತ್ತದೆ. ಈ ಪ್ರಯಾಣಕ್ಕೆ ಆರರಿಂದ ಹನ್ನೆರಡು ಗಂಟೆ ಬೇಕು. ರಾತ್ರಿ ನುಂಗಿದ ಮಾತ್ರೆ ಬೆಳಿಗ್ಗೆ ಕೆಲಸ ಮಾಡುವುದರ ಗುಟ್ಟು ಇಷ್ಟೇ. ನಿಜವಾದ ಔಷಧವನ್ನು ತಯಾರಿಸುವುದು ನಮ್ಮೊಳಗಿನ ಸೂಕ್ಷ್ಮಜೀವಿಗಳು.

ನೋವಿಗೆ ಮಾರ್ಫಿನ್ ತೆಗೆದುಕೊಳ್ಳುವ ಕ್ಯಾನ್ಸರ್ ರೋಗಿಗಳಿಗೆ ಮಲಬದ್ಧತೆ ದೊಡ್ಡ ಹಿಂಸೆ. ಅವರ ಮಟ್ಟಿಗೆ ಸೆನ್ನಾ ವರದಾನ; ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲೂ ಅದು ಇದೆ. ಆದರೆ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಚೂರ್ಣ ನುಂಗುವವರ ಕಥೆ ಬೇರೆ. ಅಂಥವರಿಗೆ ಕೊಲೊನೊಸ್ಕೋಪಿ ಮಾಡಿದಾಗ, ತಿಳಿಗುಲಾಬಿಯಾಗಿರಬೇಕಾದ ಕರುಳಿನ ಒಳಗೋಡೆ ಕಂದುಗಪ್ಪಾಗಿ ಕಾಣುವುದುಂಟು. 1857ರಲ್ಲಿ ಜರ್ಮನಿಯ ವಿರ್ಚೋ ಅದಕ್ಕೆ ಮೆಲನೋಸಿಸ್ ಕೋಲೈ ಎಂದು ಹೆಸರಿಟ್ಟ. ಸತ್ತ ಕೋಶಗಳ ಅವಶೇಷ ಅಲ್ಲೇ ಉಳಿದು ಆಗುವ ಬಣ್ಣ ಅದು. ಮದ್ದು ಬಿಟ್ಟರೆ ತಿಂಗಳುಗಳಲ್ಲಿ ಮಾಸುತ್ತದೆ, ಅದರಿಂದಲೇ ಕ್ಯಾನ್ಸರ್ ಬರುತ್ತದೆಂಬುದಕ್ಕೆ ಗಟ್ಟಿ ಪುರಾವೆಯೂ ಇಲ್ಲ. ಹೆಚ್ಚು ಅಪಾಯ ಇರುವುದು ಪೊಟ್ಯಾಸಿಯಂ ಸೋರಿಕೆಯಲ್ಲಿ. ಮೂತ್ರ ಹೆಚ್ಚಿಸುವ ಮಾತ್ರೆ ಅಥವಾ ಡಿಗಾಕ್ಸಿನ್ ತೆಗೆದುಕೊಳ್ಳುವ ಹೃದ್ರೋಗಿಗಳಲ್ಲಿ ಇದು ಎದೆಬಡಿತದ ಲಯವನ್ನೇ ಕೆಡಿಸಬಲ್ಲದು.

ಲೋಳೆಸರದ ವಿಚಾರವೂ ಹೀಗೆಯೇ ಎರಡು ಬಗೆ. ಎಲೆಯ ಒಳಗಿನ ಬಣ್ಣವಿಲ್ಲದ ಲೋಳೆ ಒಂದು. ಸಿಪ್ಪೆಯ ಕೆಳಗೆ ಜಿನುಗುವ ಹಳದಿ ಕಹಿ ರಸ ಇನ್ನೊಂದು. ಈ ರಸವನ್ನು ಒಣಗಿಸಿದರೆ ಗ್ರಂಥಿಗೆ ಅಂಗಡಿಯ ಕರಿಬೋಳ. ಅಲೋಯಿನ್ ಎಂಬ ಆಂಥ್ರಾಕ್ವಿನೋನ್ ಬಂಧು ಇರುವುದು ಇದರಲ್ಲಿ. ಅಲೋ (ಲೋಳೆಸರ) ಇರುವ ಭೇದಿ ಮದ್ದುಗಳನ್ನು ಅಮೆರಿಕ 2002ರಲ್ಲಿ ಚೀಟಿಯಿಲ್ಲದೆ ಮಾರುವ ಔಷಧಗಳ ಪಟ್ಟಿಯಿಂದ ತೆಗೆಯಿತು. ಹಳದಿ ರಸ ತೆಗೆಯದ ಇಡೀ ಎಲೆಯ ಸಾರವನ್ನು ಎರಡು ವರ್ಷ ನೀರಿನಲ್ಲಿ ಬೆರೆಸಿ ಕುಡಿಸಿದ ಇಲಿಗಳ ದೊಡ್ಡ ಕರುಳಿನಲ್ಲಿ ಗೆಡ್ಡೆಗಳು ಕಾಣಿಸಿಕೊಂಡವು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಈ ಸಾರವನ್ನು ‘ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ’ 2ಬಿ ಗುಂಪಿಗೆ ಸೇರಿಸಿತು. ಬೆಳಗಿನ ವಾಕಿಂಗ್ ಮುಗಿಸಿ ಪಾರ್ಕಿನ ಗೇಟಿನಲ್ಲಿ ಲೋಳೆಸರದ ರಸ ಕುಡಿಯುವವರು, ಆ ಹಳದಿ ರಸವನ್ನು ಬಸಿದು ತೊಳೆದಿದ್ದಾರೆಯೇ ಎಂದು ಮೊದಲು ಕೇಳಿಕೊಳ್ಳಬೇಕು.

ಚರ್ಮದ ಮೇಲೆ, ಮಂಡಿಯ ಒಳಗೆ

ಹತ್ತೊಂಬತ್ತನೇ ಶತಮಾನದಲ್ಲಿ ‘ಗೋವಾ ಪುಡಿ’ ಎಂಬ ಹಳದಿ ಮದ್ದು ಗಜಕರ್ಣಕ್ಕೆ ಹೆಸರುವಾಸಿಯಾಗಿತ್ತು. ಹೆಸರಿಗೆ ಗೋವಾ, ಮೂಲ ಬ್ರೆಜಿಲ್ಲಿನ ಅರರೋಬಾ ಮರ. ಪೋರ್ಚುಗೀಸರ ಹಡಗಿನಲ್ಲಿ ಗೋವಾಕ್ಕೆ ಬಂದು ಇಲ್ಲಿಂದ ಎಲ್ಲೆಡೆ ಹೋಗುತ್ತಿತ್ತು. ಲಂಡನ್ನಿನ ಚರ್ಮವೈದ್ಯ ಬಾಲ್ಮನೊ ಸ್ಕ್ವೈರ್ 1870ರ ದಶಕದಲ್ಲಿ ಇದು ಸೋರಿಯಾಸಿಸ್‌ಗೂ ಆಗುತ್ತದೆಂದು ಕಂಡುಕೊಂಡ. ಮೊದಲ ಮಹಾಯುದ್ಧದ ಕಾಲದಲ್ಲಿ ಸಾಗಾಟ ನಿಂತು ಪುಡಿ ಸಿಗದಾದಾಗ ಜರ್ಮನರು ಅದರ ಸಾರವನ್ನು ಅನುಕರಿಸಿ ಡಿತ್ರಾನಾಲ್ ತಯಾರಿಸಿದರು. ಸೋರಿಯಾಸಿಸ್ ಚಿಕಿತ್ಸೆಯಲ್ಲಿ ಅದು ದಶಕಗಳ ಕಾಲ ಆಳಿತು. ನಮ್ಮಲ್ಲಿ ಗಜಕರ್ಣಕ್ಕೆ ಅರೆದು ಹಚ್ಚುವ ಸೀಮೆ ಅಗಸೆ ಎಲೆಯಲ್ಲೂ ಇದೇ ಕುಟುಂಬದ ಅಣುಗಳಿವೆ.

ಮಂಡಿಸವೆತಕ್ಕೆ ಕೊಡುವ ಡಯಸೆರೀನ್ ಎಂಬ ಮದ್ದು ದೇಹದಲ್ಲಿ ರೀನ್ ಆಗಿ ಬದಲಾಗುತ್ತದೆ. ಬೀಜ ತಿಂದ ಮಕ್ಕಳಲ್ಲಿ ಪತ್ತೆಯಾದ ಅದೇ ರೀನ್. ಉರಿಯೂತ ತಗ್ಗಿಸುವ ಗುಣ ಅದಕ್ಕಿದೆ. ಭೇದಿ ಮಾಡಿಸುವ ಹುಟ್ಟುಗುಣವೂ ಬಿಟ್ಟಿಲ್ಲ. ತೀವ್ರ ಭೇದಿಯ ದೂರುಗಳ ಕಾರಣ, 65 ದಾಟಿದವರಿಗೆ ಇದನ್ನು ಶಿಫಾರಸು ಮಾಡುವುದಿಲ್ಲ ಎಂದು ಯುರೋಪಿನ ಔಷಧ ಸಂಸ್ಥೆ 2014ರಲ್ಲಿ ಹೇಳಿತು. ನಮ್ಮಲ್ಲಿ ಮಂಡಿನೋವಿನ ಚೀಟಿಗಳಲ್ಲಿ ಇದು ಈಗಲೂ ಕಾಣಸಿಗುತ್ತದೆ.

ಕೋಟೆಯ ಮಣ್ಣು, ಕೆಂಪು ಸಿರಿಂಜ್

1950ರ ದಶಕದಲ್ಲಿ ಇಟಲಿಯ ಫಾರ್ಮಿಟಾಲಿಯಾ ಕಂಪನಿಯ ವಿಜ್ಞಾನಿಗಳು ಊರೂರ ಮಣ್ಣು ತಂದು, ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಬೆಳೆಸಿ ನೋಡುತ್ತಿದ್ದರು. ಪುಲಿಯಾ ಪ್ರಾಂತ್ಯದ ಕಾಸ್ಟೆಲ್ ದೆಲ್ ಮೊಂತೆ ಎಂಬ ಹಳೆಯ ಕೋಟೆಯ ಸುತ್ತಲಿನ ಮಣ್ಣಿನಲ್ಲಿ, ಕಡುಗೆಂಪು ಬಣ್ಣ ಸುರಿಸುವ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾ ಸಿಕ್ಕಿತು. ಆ ಬಣ್ಣ ಇಲಿಗಳ ಗೆಡ್ಡೆ ಕರಗಿಸುತ್ತಿತ್ತು. ಅದೇ ಡೌನೊರುಬಿಸಿನ್. ರಕ್ತಕ್ಯಾನ್ಸರಿಗೆ ಒಗ್ಗಿತು, ಆದರೆ 1967ರ ಹೊತ್ತಿಗೆ ಹೃದಯಕ್ಕೆ ಮಾರಕವಾಗಬಲ್ಲದು ಎಂಬುದೂ ಬಯಲಾಯಿತು. ಬ್ಯಾಕ್ಟೀರಿಯಾವನ್ನು ಮಾರ್ಪಡಿಸಿ ಪಡೆದ ಇನ್ನೊಂದು ಅಣುವನ್ನು 1969ರಲ್ಲಿ ಫೆಡೆರಿಕೊ ಆರ್ಕಮೋನೆ ತಂಡ ಪ್ರಕಟಿಸಿತು. ಅದು ಡಾಕ್ಸೊರುಬಿಸಿನ್. 1974ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಸ್ತನ ಕ್ಯಾನ್ಸರ್, ಲಿಂಫೋಮಾ, ಮೂಳೆಯ ಗೆಡ್ಡೆ, ಮಕ್ಕಳ ಕ್ಯಾನ್ಸರ್ ಹೀಗೆ ಅರ್ಧ ಶತಮಾನದಿಂದ ಅದು ದುಡಿಯುತ್ತಿದೆ.

ಈ ಅಣುವಿನಲ್ಲಿ ನಾಲ್ಕು ಉಂಗುರಗಳಿವೆ. ಅವುಗಳಲ್ಲಿ ಮೂರು ಸೇರಿದರೆ ಆಂಥ್ರಾಕ್ವಿನೋನ್. ಚಪ್ಪಟೆಯಾಗಿರುವುದರಿಂದ ಅದು ಡಿಎನ್‌ಎ ಏಣಿಯ ಎರಡು ಮೆಟ್ಟಿಲುಗಳ ನಡುವೆ ತೂರಿಕೊಳ್ಳುತ್ತದೆ. ಡಿಎನ್‌ಎಯನ್ನು ಕತ್ತರಿಸಿ, ಗಂಟು ಬಿಡಿಸಿ ಮತ್ತೆ ಹೊಲಿಯುವ ಟೊಪೊಐಸೊಮರೇಸ್-2 ಎಂಬ ಕಿಣ್ವ ಇದರಿಂದಾಗಿ ಕತ್ತರಿಸಿದ ಹಂತದಲ್ಲೇ ಸಿಕ್ಕಿಕೊಳ್ಳುತ್ತದೆ. ವೇಗವಾಗಿ ಒಡೆಯುವ ಕ್ಯಾನ್ಸರ್ ಕೋಶ ಈ ತುಂಡುಗಳನ್ನು ಸರಿಪಡಿಸಲಾರದೆ ಸಾಯುತ್ತದೆ.

ಡೇ-ಕೇರ್ ವಾರ್ಡಿನಲ್ಲಿ ಈ ಮದ್ದು ಕೊಡುವ ರೀತಿಯೇ ಅದರ ಸ್ವಭಾವ ಹೇಳುತ್ತದೆ. ನರ್ಸ್ ಮೊದಲು ಸಲೈನ್ ಬಿಟ್ಟು ನಾಳ ಸರಿಯಿದೆಯೇ ಎಂದು ನೋಡುತ್ತಾರೆ. ಆಮೇಲೆ ಹರಿಯುವ ಸಲೈನ್ ಜೊತೆಗೇ ಕೆಂಪು ಸಿರಿಂಜನ್ನು ನಿಧಾನವಾಗಿ ಒತ್ತುತ್ತಾರೆ. ಉರಿಯುತ್ತದೆಯೇ, ಊದಿದೆಯೇ ಎಂದು ನಡುನಡುವೆ ಕೇಳುತ್ತಾರೆ. ಯಾಕೆಂದರೆ ನಾಳದ ಹೊರಗೆ ಸೋರಿದರೆ ಅಲ್ಲಿನ ಮಾಂಸವೇ ಕೊಳೆಯಬಹುದು. ಒಂದೆರಡು ದಿನ ಮೂತ್ರ ಕೆಂಪಗೆ ಹೋಗುತ್ತದೆ, ರಕ್ತವಲ್ಲ ಹೆದರಬೇಡಿ ಎಂದು ಮೊದಲೇ ತಿಳಿಸಿರುತ್ತಾರೆ.

ಪ್ರತಿ ರೋಗಿಯ ಕಡತದಲ್ಲಿ ಇದುವರೆಗೆ ಒಟ್ಟು ಎಷ್ಟು ಮಿಲಿಗ್ರಾಂ ಹೋಗಿದೆ ಎಂಬ ಲೆಕ್ಕವೂ ಇರುತ್ತದೆ. ಏಕೆ ಎಂಬುದಕ್ಕೆ 2003ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ನೋಡಿ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಮುಟ್ಟಿದಾಗ ಶೇ 5ರಷ್ಟು ರೋಗಿಗಳಿಗೆ ಹೃದಯ ವೈಫಲ್ಯ. 550 ಮುಟ್ಟಿದಾಗ ಶೇ 26. 700 ಆದಾಗ ಶೇ 48. ಎಲೆಕ್ಟ್ರಾನ್ ಕೊಟ್ಟು ತೆಗೆದುಕೊಳ್ಳುವ ಗುಣದಿಂದ ಹುಟ್ಟುವ ಆಮ್ಲಜನಕದ ಕಿಡಿಗಳೇ ಹೃದಯವನ್ನು ಸುಡುತ್ತವೆ ಎಂಬುದು ಬಹುಕಾಲದ ವಿವರಣೆ. 2012ರಲ್ಲಿ ಅಮೆರಿಕದ ಎಡ್ವರ್ಡ್ ಯೇ ತಂಡ ಇನ್ನೊಂದು ಎಳೆ ಸೇರಿಸಿತು. ಹೃದಯದ ಕೋಶಗಳಲ್ಲಿ ಟೊಪೊಐಸೊಮರೇಸ್-2ರ ಬೀಟಾ ರೂಪವಿದೆ. ಅದನ್ನು ಅಳಿಸಿದ ಇಲಿಗಳ ಹೃದಯ ಈ ಮದ್ದನ್ನು ತಾಳಿಕೊಂಡಿತು. ಅಂದರೆ ಕ್ಯಾನ್ಸರ್ ಕೊಲ್ಲುವ ದಾರಿಯೂ ಹೃದಯ ಕೆಡಿಸುವ ದಾರಿಯೂ ಅಕ್ಕಪಕ್ಕದವು.

ಮದ್ದನ್ನು ಕೊಬ್ಬಿನ ಸೂಕ್ಷ್ಮ ಗುಳ್ಳೆಗಳಲ್ಲಿ ತುಂಬಿ ಕಳಿಸುವುದು ಇದಕ್ಕೊಂದು ಉಪಾಯ. 1995ರಲ್ಲಿ ಒಪ್ಪಿಗೆ ಪಡೆದ ಈ ಲಿಪೊಸೋಮ್ ರೂಪದಿಂದ ಹೃದಯದ ಮೇಲಿನ ಏಟು ಕಡಿಮೆಯಾಯಿತು. 2011ರಲ್ಲಿ ಅಮೆರಿಕದಲ್ಲಿ ಅದರ ಕೊರತೆ ಬಿದ್ದಾಗ, ಮರುವರ್ಷ ಭಾರತದ ಸನ್ ಫಾರ್ಮಾ ಕಂಪನಿಯ ಲಿಪೊಡಾಕ್ಸ್ ತರಿಸಿಕೊಳ್ಳಲು ಅಲ್ಲಿನ ಸರ್ಕಾರ ವಿಶೇಷ ಅನುಮತಿ ಕೊಟ್ಟಿತು. ಹೃದಯಕ್ಕೆ ಮೃದುವಾಗಲೆಂದು ಬಣ್ಣದ ಕಂಪನಿಯೂ ಆಗಿದ್ದ ಅಮೆರಿಕನ್ ಸೈನಮಿಡ್‌ನಲ್ಲಿ ಹುಟ್ಟಿದ ಮೈಟೊಕ್ಸಾಂಟ್ರೋನ್ ಅಪ್ಪಟ ಮೂರು ಉಂಗುರದ ಅಣು, ಬಣ್ಣ ಕಡುನೀಲಿ. ಅದೂ ಹೃದಯಕ್ಕೆ ಪೂರ್ತಿ ನಿರಪಾಯಕಾರಿಯಾಗಲಿಲ್ಲ.

ಗಾಜಿನ ತಟ್ಟೆಯ ಗೆಲುವು

ಇಷ್ಟೆಲ್ಲ ಆದಮೇಲೂ ‘ಎಮೊಡಿನ್ ಕ್ಯಾನ್ಸರ್ ಕೋಶ ಕೊಲ್ಲುತ್ತದೆ’, ‘ವೈರಸ್ ತಡೆಯುತ್ತದೆ’, ‘ಸಕ್ಕರೆ ಇಳಿಸುತ್ತದೆ’ ಎಂಬ ಪ್ರಬಂಧಗಳು ಬರುತ್ತಲೇ ಇವೆ. ಅವುಗಳಿಂದ ಔಷಧ ಹುಟ್ಟಿದ್ದು ತೀರಾ ಕಡಿಮೆ. ಕಾರಣಗಳು ಸ್ಪಷ್ಟ. ಗಾಜಿನ ತಟ್ಟೆಯಲ್ಲಿ ಕ್ವಿನೋನ್‌ಗಳು ಎಲೆಕ್ಟ್ರಾನ್ ಆಟವಾಡಿ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿಸುತ್ತವೆ, ಅದರ ಹೊಡೆತಕ್ಕೆ ಎಷ್ಟೋ ಕಿಣ್ವಗಳು ಸುಮ್ಮನಾಗುತ್ತವೆ. ಇವುಗಳಿಗೆ ಸ್ವಂತ ಬಣ್ಣ, ಹೊಳಪು ಇರುವುದರಿಂದ ಬೆಳಕು ಅಳೆಯುವ ಯಂತ್ರಗಳೂ ಮೋಸಹೋಗುತ್ತವೆ. ಆಸ್ಟ್ರೇಲಿಯಾದ ಜೊನಾಥನ್ ಬೇಲ್ ಮತ್ತು ಜಾರ್ಜಿನಾ ಹಾಲೊವೇ 2010ರಲ್ಲಿ ಹೀಗೆ ದಾರಿತಪ್ಪಿಸುವ ರಚನೆಗಳ ಪಟ್ಟಿ ಮಾಡಿದಾಗ ಕ್ವಿನೋನ್‌ಗಳೂ ಅದರಲ್ಲಿದ್ದವು. ಇನ್ನು ಬಾಯಿಂದ ನುಂಗಿದ ಎಮೊಡಿನ್ನನ್ನು ಕರುಳು ಮತ್ತು ಯಕೃತ್ತು ಸೇರಿ ಬೇಗನೆ ಬದಲಿಸಿಬಿಡುತ್ತವೆ. ರಕ್ತಕ್ಕೆ ಮೂಲರೂಪದಲ್ಲಿ ತಲುಪುವುದು ಅತ್ಯಲ್ಪ. ತಟ್ಟೆಯಲ್ಲಿ ಗೆದ್ದದ್ದು ದೇಹದಲ್ಲಿ ಸೋಲುವುದು ಹೀಗೆ.

ಗೆದ್ದ ಮದ್ದುಗಳನ್ನು ನೋಡಿ: ಸೆನ್ನೊಸೈಡ್ ದೊಡ್ಡ ಕರುಳು ಬಿಟ್ಟು ಬೇರೆಡೆ ಕೆಲಸ ಮಾಡುವುದಿಲ್ಲ. ಡಿತ್ರಾನಾಲ್ ಚರ್ಮದ ಮೇಲಷ್ಟೇ. ಡಾಕ್ಸೊರುಬಿಸಿನ್‌ಗೆ ಮಿಲಿಗ್ರಾಂ ಲೆಕ್ಕದ ಕಾವಲು. ಅಣುವಿನ ಮಹಿಮೆಗಿಂತ ಅದಕ್ಕೆ ಹಾಕಿದ ಮೂಗುದಾರವೇ ಅದನ್ನು ಮದ್ದಾಗಿಸಿದ್ದು. ಮಲ್ಕಾನ್‌ಗಿರಿಯ ಮಕ್ಕಳು ತಿಂದ ಬೀಜಕ್ಕೆ ಯಾವ ಮೂಗುದಾರವೂ ಇರಲಿಲ್ಲ.

ಹಾಗಾಗಿ ಓದುಗರು ಗಮನಿಸಬೇಕಾದ್ದು ಕೆಲವೇ ಸಂಗತಿ. ಸೋನಾಮುಖಿ ಇರುವ ಚೂರ್ಣ, ಮಾತ್ರೆ, ‘ಡಿಟಾಕ್ಸ್’ ಚಹಾ ಯಾವುದೇ ಇರಲಿ, ಒಂದೆರಡು ವಾರಕ್ಕಿಂತ ಹೆಚ್ಚು ಬೇಕೆನಿಸಿದರೆ ವೈದ್ಯರ ಬಳಿ ಹೋಗಿ. ಗರ್ಭಿಣಿಯರು, ಹೃದ್ರೋಗಿಗಳು ಶುರು ಮಾಡುವ ಮುನ್ನವೇ ಕೇಳಿ. ಕೀಮೋ ನಡೆಯುತ್ತಿದ್ದರೆ ಮನೆಯಲ್ಲಿ ಕುಡಿಯುವ ಕಷಾಯ, ರಸಗಳ ಹೆಸರನ್ನು ಡಾಕ್ಟರಿಂದ ಮುಚ್ಚಿಡಬೇಡಿ. ಕರಾವಳಿಯಲ್ಲಿ ಆಟಿ ತಿಂಗಳಿನ ಅಂಬಡೆಗೆ ಕೊಯ್ಯುವ ಎಳೆ ತಜಂಕ್ (ತಗಚೆ) ಸೊಪ್ಪು ಬೇರೆ ಗಿಡ, ದೊಡ್ಡ ತಗಚೆಯ ಬೀಜ ಬೇರೆ. ಎರಡನ್ನೂ ಗುರುತಿಸಲು ಮನೆಯ ಹಿರಿಯರಿಂದ ಕಲಿಯಿರಿ. ಅಂಗನವಾಡಿ, ಶಾಲೆಗಳ ಸುತ್ತ ದೊಡ್ಡ ತಗಚೆ ಬೆಳೆದಿದ್ದರೆ ಕಾಯಿ ಕಟ್ಟುವ ಮೊದಲೇ ಕಿತ್ತು ಹಾಕಿಸಿ. ಈ ವಿಷಕ್ಕೆ ಪ್ರತಿಮದ್ದು ಇಲ್ಲ. ಮಕ್ಕಳು ಬೀಜ ತಿನ್ನದಂತೆ ನೋಡಿಕೊಳ್ಳುವುದೊಂದೇ ದಾರಿ.